ಮೇಲ್ಕಟ್ಟಿನ ಹೋಟೆಲು

ದೊಡ್ಡಬಳ್ಳಾಪುರದ ಪೇಟೆ ಬೀದಿಯಲ್ಲಿ ಆದಿನಾರಾಯಣಪ್ಪನ ಕಾಫಿ ಹೋಟೆಲಿಗೆ ಹೊಸದಾಗಿ ಬಂದವರು ಮೊದಲು ಮಾಡುತ್ತಿದ್ದ ಕೆಲಸ ಕತ್ತೆತ್ತಿ ಮೇಲೆ ನೋಡುವುದು. ಅಲ್ಲಿ ಹೆಂಚು ಕಾಣುತ್ತಿರಲಿಲ್ಲ, ಜಂತೆ ಕಾಣುತ್ತಿರಲಿಲ್ಲ, ಮಸಿ ಹಿಡಿದ ಬಲೆ ಕಾಣುತ್ತಿರಲಿಲ್ಲ. ಗೋಡೆಯಿಂದ ಗೋಡೆಗೆ ಬಿಗಿದ ಒಂದೇ ಬಿಳಿಯ ಬಟ್ಟೆ. ಸುತ್ತಲೂ ಗೇಣಗಲದ ಕೆಂಪು ಅಂಚು. ನಟ್ಟನಡುವೆ ಎಂಟು ದಳದ ತಾವರೆ. ಅದರ ಕೆಳಗೆ ಆರು ಅಮೃತಶಿಲೆಯ ಮೇಜು. ಎದುರುಬದುರು ಗೋಡೆಗಳಿಗೆ ಎರಡು ನಿಲುವುಗನ್ನಡಿ. ಕನ್ನಡಿಯೊಳಗೆ ಕನ್ನಡಿ, ತಾವರೆಯ ಹಿಂದೆ ತಾವರೆ ಮೂಡಿ ಆ ಸಣ್ಣ ಪಡಸಾಲೆ ಕೊನೆಯಿಲ್ಲದ ಮಂಟಪದ ಹಾಗೆ ತೋರುತ್ತಿತ್ತು. ಸಂತೆಗೆ ಬಂದ ರೈತರು ಒಳಗೆ ಕಾಲಿಟ್ಟೊಡನೆ ತಮಗೆ ಗೊತ್ತಿಲ್ಲದೆಯೇ ದನಿ ತಗ್ಗಿಸುತ್ತಿದ್ದರು.

“ಬಾಯಿ ಮುಚ್ಕೊಂಡು ಮೇಲೆ ನೋಡಪ್ಪಾ, ಇಡ್ಲಿ ಉದುರ್ತದೆ,” ಎಂದು ಆದಿನಾರಾಯಣಪ್ಪ ಕೂತಲ್ಲಿಂದಲೇ ಕೂಗಿ ನಗುತ್ತಿದ್ದ.

ಆ ಬಟ್ಟೆಯನ್ನು ನೇಯ್ದವನು ಪಾಪಯ್ಯ. ನೇಕಾರರ ಬೀದಿಯಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಗುಂಡಿಮಗ್ಗಕ್ಕೆ ಕಾಲಿಳಿಸಿ, ನಲವತ್ತೆರಡನೆಯ ವಯಸ್ಸಿನವರೆಗೆ ಆ ಗುಂಡಿಯಿಂದ ಹೆಚ್ಚು ದೂರ ಹೋಗದ ಮನುಷ್ಯ. ಮಾತು ಕಡಿಮೆ. ಕಣ್ಣು ಮುಚ್ಚಿ ಅಂಗೈ ಆಡಿಸಿ, ಬಟ್ಟೆಯ ಯಾವ ಮೊಳದಲ್ಲಿ ಎಳೆ ಸಡಿಲವಾಗಿದೆ ಎಂದು ಹೇಳಬಲ್ಲವನು. ಬೇರೆಯವರು ನೇಯ್ದ ಸೀರೆ ಉಟ್ಟು ಎದುರಿಗೆ ಬಂದ ಹೆಂಗಸರನ್ನು ಅವನು ನೋಡುತ್ತಿರಲಿಲ್ಲ, ಸೀರೆಯನ್ನು ನೋಡುತ್ತಿದ್ದ. ಅದಕ್ಕಾಗಿ ಹೆಂಡತಿ ಅಶ್ವತ್ಥಮ್ಮನಿಂದ ಎಷ್ಟೋ ಸಲ ಬೈಸಿಕೊಂಡಿದ್ದ.

ಯುದ್ಧ ಬಂದು ನೂಲಿಗೆ ಕಂಟ್ರೋಲು ಬಿದ್ದಾಗ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ಪಾಪಯ್ಯನದೂ ನಿಂತಿತು. ಮಕ್ಕಳಿಲ್ಲದ ಮನೆ, ಇಬ್ಬರ ಹೊಟ್ಟೆ. ಅಶ್ವತ್ಥಮ್ಮ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದಳು. ಬೆಳಕು ಹರಿಯುವ ಮುಂಚೆ ಹೋಗಿ ಪಡಸಾಲೆ ಗುಡಿಸಿ, ಮೇಜು ಒರೆಸಿ, ಒರಳಿನ ಮುಂದೆ ಕೂತರೆ ಮಧ್ಯಾಹ್ನಕ್ಕೆ ಏಳುತ್ತಿದ್ದಳು.

ಬಟ್ಟೆಯ ಮಾತು ಬಂದದ್ದು ಅವಳಿಂದಲೇ. ಹೆಂಚಿನ ಸಂದಿಯಿಂದ ಮಸಿ ಉದುರಿ ಸಾಹೇಬರೊಬ್ಬರ ಕಾಫಿಗೆ ಬಿತ್ತಂತೆ, ಯಜಮಾನರು ತಲೆ ಚಚ್ಚಿಕೊಳ್ಳುತ್ತಿದ್ದಾರಂತೆ ಎಂದು ಮನೆಯಲ್ಲಿ ಹೇಳಿದಳು. ಮಾರನೆಯ ದಿನ ಪಾಪಯ್ಯ ಹೋಗಿ ಮಾಡನ್ನು ನೋಡಿ ಬಂದ. ಮದುವೆಯ ಚಪ್ಪರದಲ್ಲಿ ಕಟ್ಟುವ ಹಾಗೆ ಒಂದು ಮೇಲ್ಕಟ್ಟು ಕಟ್ಟಿದರೆ ಹೇಗೆ ಎಂದ. ಆದಿನಾರಾಯಣಪ್ಪ ಹಿಗ್ಗಿಹೋದ. ಎಲ್ಲಿಂದಲೋ ನೂಲು ತರಿಸಿಕೊಟ್ಟ. ಆರು ತಿಂಗಳು ಸುಮ್ಮನಿದ್ದ ಮಗ್ಗ ಮತ್ತೆ ಮಾತಾಡಿತು.

ಅಶ್ವತ್ಥಮ್ಮನಿಗೆ ಮಾತ್ರ ಒಂದು ಅಳುಕು. “ಮದ್ವೆ ಮೇಲ್ಕಟ್ಟನ್ನೇ ಮೂರು ದಿನಕ್ಕೆ ಬಿಚ್ತಾರೆ. ಇದನ್ನ ಬಿಚ್ಚೋದು ಯಾವಾಗ?”

“ಇದು ಬಿಚ್ಚೋದಲ್ಲ ಕಣೇ, ಇರೋದು.”

ಅವನು ಇರುವ ಹಾಗೆಯೇ ಕಟ್ಟಿದ. ಮದುವೆಯ ಮೇಲ್ಕಟ್ಟಿಗೆ ನಾಲ್ಕು ಮೂಲೆಗೆ ಹಗ್ಗ, ಸುತ್ತ ಗಾಳಿಯಾಡಲು ಬಯಲು. ಪಾಪಯ್ಯ ಗೋಡೆಯ ಸುತ್ತ ಮರದ ಪಟ್ಟಿ ಹೊಡೆಸಿ, ಬಟ್ಟೆಯ ಅಂಚನ್ನು ಅದಕ್ಕೆ ದಬ್ಬಣದಿಂದ ಹೊಲಿದು, ಹೊಲಿಗೆಯನ್ನು ಕೆಂಪು ಅಂಚಿನ ಮಡಿಕೆಯೊಳಗೆ ಅಡಗಿಸಿದ. ಒಂದು ಬೆರಳು ತೂರುವಷ್ಟು ಸಂದಿಯನ್ನೂ ಬಿಡಲಿಲ್ಲ. ಕೊನೆಗೆ ಗಂಜಿ ಹೊಡೆದಾಗ ಬಟ್ಟೆ ತಮಟೆಯ ಚರ್ಮದಂತೆ ಬಿಗಿಯಾಯಿತು. ದೀಪಾವಳಿಗೆ ಹೋಟೆಲು ಹೊಸದಾಗಿ ತೆರೆದಾಗ ಬಂದವರೆಲ್ಲ ಹೊಲಿಗೆ ಎಲ್ಲಿ ಎಂದು ಹುಡುಕಿ ಸೋತರು. ಪಾಪಯ್ಯ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಅವರು ಸೋಲುವುದನ್ನು ನೋಡುತ್ತ, ಒಂದು ಲೋಟ ಕಾಫಿಯನ್ನು ಗಂಟೆ ಹೊತ್ತು ಕುಡಿದ.

ಮಾರ್ಗಶಿರದ ಚಳಿಯ ಜೊತೆಗೆ ಸುದ್ದಿಗಳು ಬಂದವು. ದೇವನಹಳ್ಳಿ ಕಡೆಯ ಒಂದು ಊರಲ್ಲಿ ಇಲಿ ಬಿತ್ತಂತೆ. ಪ್ಲೇಗಿನ ವಿಷಯದಲ್ಲಿ ಆ ಸೀಮೆಯ ಜನರಿಗೆ ಯಾರೂ ಏನೂ ಕಲಿಸಬೇಕಾಗಿರಲಿಲ್ಲ. ಅಜ್ಜಂದಿರ ಕಾಲದಿಂದ ಒಂದೇ ಪಾಠ: ಮಾಡಿನಿಂದ ಸತ್ತ ಇಲಿ ನೆಲಕ್ಕೆ ಬಿದ್ದರೆ ಆ ದಿನವೇ ಮನೆ ಬಿಡು, ಹೊಲದಲ್ಲಿ ಗುಡಿಸಲು ಹಾಕು, ಸೂಜಿ ಹಾಕಿಸಿಕೋ. ಮನುಷ್ಯರಿಗಿಂತ ಮೊದಲು ಇಲಿ ಸಾಯುತ್ತದೆ. ಆ ಎರಡು ಮೂರು ದಿನದ ಅಂತರದಲ್ಲೇ ಬದುಕುವುದು. ಪೇಟೆಯ ಹೆಂಗಸರು ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಮೊದಲು ಮನೆಯ ಮೂಲೆಗಳನ್ನು ನೋಡತೊಡಗಿದರು. ಹೋಟೆಲಿನಲ್ಲಿ ಅಶ್ವತ್ಥಮ್ಮನೂ ಮೇಜಿನ ಕೆಳಗೆ, ಕನ್ನಡಿಯ ಹಿಂದೆ ನೋಡುತ್ತಿದ್ದಳು. ನೆಲ ಕನ್ನಡಿಯಷ್ಟೇ ಚೊಕ್ಕಟವಾಗಿರುತ್ತಿತ್ತು.

“ಬೇರೆ ಎಲ್ಲಾದ್ರೂ ಬೀಳ್ಲಿ, ನಮ್ಮಲ್ಲಿ ಬೀಳೋಲ್ಲ,” ಎಂದು ಆದಿನಾರಾಯಣಪ್ಪ ಗಿರಾಕಿಗಳಿಗೆ ಧೈರ್ಯ ಹೇಳುತ್ತಿದ್ದ. “ಈ ಚೊಕ್ಕಟದಲ್ಲಿ ಇಲಿಗೇನು ಕೆಲಸ?”

ಒಂದು ಸೋಮವಾರ ಅವನು ಪಾಪಯ್ಯನಿಗೆ ಹೇಳಿಕಳಿಸಿದ. ಬಂದು ನೋಡಿದರೆ ತಾವರೆಯ ಎಡಕ್ಕೆ ಬಟ್ಟೆ ಒಂದಿಷ್ಟು ಜೋತಿತ್ತು. ಅಂಗೈ ಅಗಲ, ಅಷ್ಟೇ. ಬೇರೆಯವರ ಕಣ್ಣಿಗೆ ಬೀಳುವಂಥದಲ್ಲ. ಆದರೆ ಪಾಪಯ್ಯನ ಮುಖ ಸಣ್ಣದಾಯಿತು. ಮಂಜಿಗೆ ಗಂಜಿ ಇಳಿದಿದೆ, ತಾನು ಬಿಗಿ ಕಡಿಮೆ ಮಾಡಿದ್ದೇನೆ ಎಂದುಕೊಂಡ. ಏಣಿ ಹಾಕಿ ಹತ್ತಿ, ಪಕ್ಕದ ಹೊಲಿಗೆ ಎಳೆದು, ಕೆಳಗಿನಿಂದ ಗಂಜಿ ಸವರಿದ. ಬಟ್ಟೆ ಮತ್ತೆ ಸಮವಾಯಿತು.

ಆ ವಾರ ಅಶ್ವತ್ಥಮ್ಮ ಊಟಕ್ಕೆ ಕೂತಾಗ ಹೇಳಿದಳು: “ಬೆಳಗ್ಗೆ ಬಾಗಿಲು ತೆಗೀತಿದ್ದಂಗೆ ಒಂಥರಾ ನಾತ ಕಣ್ರೀ. ಯಜಮಾನ್ರು ಸಾಂಬ್ರಾಣಿ ಹಾಕ್ಸಿದ ಮೇಲೆ ಹೋಗ್ತದೆ.”

“ಹುಳಿ ನಾತಾನಾ?”

“ಹುಳಿನೂ ಐತೆ.”

“ಗಂಜಿ ಹುಳೀತು ಅಂದ್ರೆ ಹಂಗೇ. ಎರಡು ದಿನ ಬಿಸಿಲು ಬಿದ್ರೆ ಸರಿಹೋಗ್ತದೆ.”

“ನೀವು ಬಟ್ಟೆ ವಿಷ್ಯ ಬಿಟ್ಟು ಬೇರೆ ಏನೂ ಯೋಚ್ನೆ ಮಾಡೋದೇ ಇಲ್ವಾ?” ಎಂದು ಅವಳು ನಕ್ಕಳು.

ಶನಿವಾರ ಕಿಟಕಿಯ ಕಡೆ ಇನ್ನೊಂದು ಜೋಲು. ಅವನು ಅದನ್ನೂ ಬಿಗಿದ. ಬುಧವಾರ ಮೂರನೆಯದು. ಅದು ತಾವರೆಯ ಒಳಗೇ. ದಳವೊಂದು ಕೆಳಗೆ ಬಾಗಿ, ಕನ್ನಡಿಗಳಲ್ಲಿ ಸಾಲುಸಾಲಾಗಿ ಎಲ್ಲ ತಾವರೆಗಳ ಅದೇ ದಳವೂ ಬಾಗಿತ್ತು. ಪಾಪಯ್ಯ ಏಣಿ ಹತ್ತಿ ಅಂಗೈಯನ್ನು ಅದರ ಕೆಳಗೆ ಇಟ್ಟ.

ಕೈಗೆ ಭಾರ ಬಂತು.

ಗಂಜಿಯ ಭಾರ ಅವನಿಗೆ ಗೊತ್ತು, ಒದ್ದೆ ನೂಲಿನ ಭಾರ ಗೊತ್ತು. ಇದು ಅದಲ್ಲ. ಮೆತ್ತಗಿತ್ತು, ಉದ್ದಕ್ಕಿತ್ತು, ಬೆರಳು ಅದುಮಿದಾಗ ಒಂದು ಕಡೆ ಗಟ್ಟಿಯಾಗಿತ್ತು. ಕೆಳಗೆ ಗ್ರಾಮಫೋನು ಹಾಡುತ್ತಿತ್ತು. ಯಾರೋ ಇನ್ನೊಂದು ವಡೆ ಕೇಳುತ್ತಿದ್ದರು.

“ಏನಪ್ಪಾ ಪಾಪಯ್ಯ, ಗಂಜಿ ತಾನೇ?” ಆದಿನಾರಾಯಣಪ್ಪ ಕೆಳಗಿನಿಂದ ಕೇಳಿದ. ಅವನ ದನಿಯಲ್ಲೂ ಏನೋ ಇತ್ತು. ಬಹುಶಃ ಅವನಿಗೂ ಅನುಮಾನವಿತ್ತು. ಅಲ್ಲವೆಂದು ಇನ್ನೊಬ್ಬರ ಬಾಯಲ್ಲಿ ಕೇಳಿಬಿಟ್ಟರೆ ಸಾಕೆನ್ನಿಸಿತ್ತು.

ಪಾಪಯ್ಯನ ಕಣ್ಣ ಮುಂದೆ ಎಲ್ಲವೂ ಒಂದೇ ಸಲಕ್ಕೆ ಬಂತು. ಎರಡು ಸಲ ತಾನು ಎಳೆದು ಬಿಗಿದ ಹೊಲಿಗೆ. ಕೆಳಗೆ ಬೀಳಬೇಕಾದದ್ದನ್ನು ಬೀಳದಂತೆ ಹಿಡಿದುಕೊಂಡ ಬಟ್ಟೆ. ಈಗ ಬಾಯಿಬಿಟ್ಟರೆ ಈ ಚಳಿಯಲ್ಲಿ ಊರಿಗೆ ಊರೇ ಬಯಲಿಗೆ ಬೀಳುತ್ತದೆ, ಹೋಟೆಲಿಗೆ ಬೀಗ ಬೀಳುತ್ತದೆ, ಎಲ್ಲರೂ ಕತ್ತೆತ್ತಿ ನೋಡಿ ಮೆಚ್ಚಿದ ಕೆಲಸಕ್ಕೆ ಜನ ಉಗಿಯುತ್ತಾರೆ. ಇದು ಒಂದೇ ಇರಬಹುದು. ಬೆಕ್ಕು ಹಿಡಿದು ಬಿಟ್ಟದ್ದಿರಬಹುದು. ನಾಡಿದ್ದು ಸಂತೆ ಮುಗಿಯಲಿ, ಯಾರಿಗೂ ತಿಳಿಯದಂತೆ ಒಂದು ಮೂಲೆ ಬಿಚ್ಚಿ ನೋಡೋಣ.

“ಗಂಜಿನೇ, ಯಜಮಾನ್ರೆ,” ಎಂದ.

ಮನೆಗೆ ಬಂದು ಕೈ ತೊಳೆದ. ಮತ್ತೆ ತೊಳೆದ. ಅಶ್ವತ್ಥಮ್ಮನಿಗೆ ನಾಳೆ ಕೆಲಸಕ್ಕೆ ಹೋಗಬೇಡ ಎನ್ನಬೇಕು ಎಂದುಕೊಂಡ. ಯಾಕೆ ಎಂದು ಕೇಳುತ್ತಾಳೆ. ಅವಳಿಗೆ ಹೇಳಿದರೆ ಬೀದಿಗೆ ಹೇಳಿದಂತೆ. ಅವಳು ಸುಮ್ಮನಿರುವ ಹೆಂಗಸಲ್ಲ. ಅವನು ಹೇಳಲಿಲ್ಲ. ಗುರುವಾರ ಅವಳು ಹೋದಳು, ಬಂದಳು. ಶುಕ್ರವಾರವೂ ಕತ್ತಲಿರುವಾಗಲೇ ಎದ್ದು ಹೋದಳು.

ಬೆಳಕು ಹರಿದ ಮೇಲೆ ಪಾಪಯ್ಯ ಅವಳು ಮಡಿಸಿಟ್ಟಿದ್ದ ಹಾಸಿಗೆಯ ಬಟ್ಟೆಯನ್ನು ಬಿಸಿಲಿಗೆ ಹಾಕಲು ಎತ್ತಿಕೊಂಡ. ಅವನೇ ನೇಯ್ದ ಬಿಳಿಯ ದುಪ್ಪಟಿ. ಅದರ ಮೇಲೆ ಎಳ್ಳಿನಷ್ಟು ಸಣ್ಣ ಕಪ್ಪು ಚುಕ್ಕೆ ಇತ್ತು. ನೂಲಿನ ಗಂಟೆಂದು ಉಗುರಿನಿಂದ ಕೀಳಲು ಹೋದ. ಚುಕ್ಕೆ ಹಾರಿತು. ಇನ್ನೊಂದು ಹಾರಿತು.

ಚಿಗಟ. ಸತ್ತ ಇಲಿಯ ಮೈ ತಣ್ಣಗಾದ ಮೇಲೆ ಚಿಗಟ ಅಲ್ಲಿರುವುದಿಲ್ಲ, ಬೆಚ್ಚಗಿನ ಮೈ ಹುಡುಕಿಕೊಂಡು ಹೋಗುತ್ತದೆ ಎಂಬುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಇಲಿಯನ್ನು ತಡೆದ ಹೊಲಿಗೆ ಚಿಗಟವನ್ನು ತಡೆಯದು. ಬೆಳಗಿನ ಹೊತ್ತು ಆ ಮೇಲ್ಕಟ್ಟಿನ ಕೆಳಗೆ ಬಗ್ಗಿ ಗುಡಿಸುವವಳು ಅವಳೊಬ್ಬಳೇ.

ಪಾಪಯ್ಯ ಕತ್ತರಿ ತೆಗೆದುಕೊಂಡು ಓಡಿದ.

ಸಂತೆಯ ದಿನ, ಆರು ಮೇಜೂ ತುಂಬಿದ್ದವು. ಅವನು ಯಾರನ್ನೂ ಕೇಳದೆ ನಡುವಿನ ಮೇಜಿನ ಮೇಲಿದ್ದ ಲೋಟಗಳನ್ನು ಪಕ್ಕಕ್ಕೆ ತಳ್ಳಿ ಮೇಲೆ ಹತ್ತಿದ.

“ಲೇ ಪಾಪಯ್ಯ! ಏನೋ ಇದು? ಎಲೆ ಮುಂದೆ ಕಾಲಿಡ್ತೀಯಾ?” ಆದಿನಾರಾಯಣಪ್ಪ ಎದ್ದು ಬಂದ.

“ಎಲ್ರೂ ಎದ್ದು ಆಚೆ ಹೋಗ್ರಪ್ಪಾ. ಕೈ ಮುಗೀತೀನಿ, ಏಳಿ.”

“ಕುಡ್ದವ್ನೇನೋ ಇವ್ನು, ಬೆಳಗ್ಗೆ ಬೆಳಗ್ಗೇನೇ?” ಎಂದು ಒಬ್ಬ ನಕ್ಕ.

ಅವನು ಕೈ ಚಾಚಿ ತಾವರೆಗೆ ಕತ್ತರಿ ಹಾಕಿದ. ಬಿಗಿದ ಬಟ್ಟೆ ಒಂದೇ ಸದ್ದಿಗೆ ಗೋಡೆಯವರೆಗೂ ಹರಿದುಕೊಂಡಿತು. ಮೊದಲು ಮಸಿ, ಆಮೇಲೆ ಹೆಂಚಿನ ಪುಡಿ, ಆಮೇಲೆ ಅವು. ಕೆಲವು ಒಣಗಿ ತೊಗಲಾಗಿದ್ದವು, ಕೆಲವು ಊದಿಕೊಂಡಿದ್ದವು. ಬಿಳಿಯ ಕಲ್ಲಿನ ಮೇಲೆ, ತಟ್ಟೆಗಳ ಮೇಲೆ, ಒಬ್ಬನ ಮಡಿಲಲ್ಲಿ ಬಿದ್ದವು. ಹನ್ನೊಂದೋ ಹನ್ನೆರಡೋ ಇದ್ದಿರಬೇಕು. ಎರಡು ಕನ್ನಡಿಗಳ ನಡುವೆ ನಿಂತು ನೋಡಿದವರಿಗೆ ಅವು ಎಣಿಕೆಗೆ ಸಿಗದಷ್ಟು ದೂರದವರೆಗೂ ಬೀಳುತ್ತಲೇ ಇದ್ದವು.

“ಇಲಿ ಬಿತ್ತು!” ಎಂಬ ಕೂಗು ಬೀದಿಗೆ ಬಿದ್ದು ಬೀದಿಯಿಂದ ಬೀದಿಗೆ ಹೋಯಿತು. ಹಿಂದಿನ ಕೋಣೆಯಿಂದ ಅಶ್ವತ್ಥಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಮೇಜಿನ ಮೇಲೆ ನಿಂತಿದ್ದ ಗಂಡನನ್ನೂ ಅವನ ಕಾಲ ಬಳಿ ಬಿದ್ದಿದ್ದವನ್ನೂ ನೋಡಿದಳು.

ಸಂಜೆಯ ಹೊತ್ತಿಗೆ ಪೇಟೆ ಅರ್ಧ ಖಾಲಿಯಾಗಿತ್ತು. ಗಾಡಿಗಳ ಮೇಲೆ ಪಾತ್ರೆ, ಸೌದೆ, ಮಕ್ಕಳು, ದೇವರ ಪಟ. ಪಾಪಯ್ಯನೂ ಅಶ್ವತ್ಥಮ್ಮನೂ ಕೆರೆಯ ಆಚೆಯ ಹೊಂಗೆ ತೋಪಿನಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿದರು. ಮರುದಿನ ಸೂಜಿ ಹಾಕುವವರು ಬಂದರು. ತೋಪಿನ ತುಂಬ ಕೀವುಗಟ್ಟಿದ ಹಾಗೆ ಊದಿದ ತೋಳುಗಳು, ಸೂಜಿಯ ಜ್ವರದ ನರಳಾಟ. ಎಲ್ಲರಿಗೂ ಎರಡು ದಿನದಲ್ಲಿ ಇಳಿಯಿತು. ಅಶ್ವತ್ಥಮ್ಮನಿಗೆ ಇಳಿಯಲಿಲ್ಲ. ಸೋಮವಾರ ಬೆಳಗ್ಗೆ ಅವಳು ಎಡಗೈ ಮೇಲೆತ್ತಲಾರದೆ ಸೀರೆಯ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಕಂಕುಳಲ್ಲಿ ನಿಂಬೆಕಾಯಿಯಷ್ಟು ಗಡ್ಡೆ ಎದ್ದಿತ್ತು.

ಮಂಗಳವಾರ ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಎಳೆಯ ವಯಸ್ಸು, ಮೂಗಿಗೆ ಕರವಸ್ತ್ರ. ಒಳಗೆ ಹೋಗಿ ನೋಡಿ ಬಂದು ಗುಡಿಸಲಿನ ಮುಂದೆ ನಿಂತು ಪುಸ್ತಕ ಬಿಚ್ಚಿದರು. ಗರಿಯ ಗೋಡೆ, ಒಳಗಿನ ನರಳಾಟ ಹೊರಗೆ ಕೇಳುತ್ತಿತ್ತು, ಹೊರಗಿನ ಮಾತು ಒಳಗೆ.

“ಆ ಹೋಟೆಲಿನಲ್ಲಿ ಇಲಿ ಬಿದ್ದದ್ದು ಶುಕ್ರವಾರ. ಅಲ್ಲವೇನಪ್ಪಾ?”

ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಊರೆಲ್ಲ ಹಾಗೇ ತಿಳಿದಿತ್ತು. ಮೇಜು ಹತ್ತಿ ಊರನ್ನು ಉಳಿಸಿದವನೆಂದು ಪಕ್ಕದ ಗುಡಿಸಲಿನವರು ಅವನಿಗೆ ಮುದ್ದೆ ತಂದುಕೊಟ್ಟಿದ್ದರು.

“ಅಲ್ಲ ಸ್ವಾಮಿ,” ಎಂದ ಪಾಪಯ್ಯ. “ಅದಕ್ಕೆ ಮುಂಚೆ ಒಂದು ಸೋಮವಾರ ಬಟ್ಟೆ ಜೋತಿತ್ತು. ಗಂಜಿ ಅಂತ ಬಿಗಿ ಮಾಡ್ದೆ. ಶನಿವಾರನೂ ಮಾಡ್ದೆ. ಬುಧವಾರ ನನ್ ಕೈಗೆ ಗೊತ್ತಾಯ್ತು.”

“ಗೊತ್ತಾಗಿ?”

“ಸುಮ್ಕಿದ್ದೆ. ಎರಡು ದಿನ.”

ಪೆನ್ಸಿಲು ನಿಂತಿತು. “ಆ ಎರಡು ದಿನ ನಿಮ್ಮ ಮನೆಯವರು ಕೆಲಸಕ್ಕೆ ಹೋಗಿದ್ದರೇ?”

ಒಳಗಿನ ನರಳಾಟ ನಿಂತಿತ್ತು. ಅವಳು ಉಸಿರು ಹಿಡಿದು ಕೇಳುತ್ತಿದ್ದಾಳೆಂದು ಪಾಪಯ್ಯನಿಗೆ ಗೊತ್ತಾಯಿತು.

“ಹೋಗಿದ್ಲು ಸ್ವಾಮಿ. ನಾನು ಬೇಡ ಅನ್ನಲಿಲ್ಲ.”

ಇನ್ಸ್‌ಪೆಕ್ಟರು ಬರೆದುಕೊಂಡರು, ಪುಸ್ತಕ ಮಡಚಿ ಸೈಕಲ್ಲು ಹತ್ತಿದರು. ಪಾಪಯ್ಯ ಗುಡಿಸಲಿನ ಮುಂದೆ ನೆಲ ನೋಡುತ್ತ ಕುಕ್ಕರುಗಾಲಲ್ಲಿ ಕೂತ. ಬಿಸಿಲು ಏರಿತು. ತೋಪಿನ ನೆರಳು ಸರಿದು ಅವನ ಬೆನ್ನನ್ನು ಬಿಟ್ಟುಹೋಯಿತು. ಒಳಗೆ ಹೋಗುವ ಧೈರ್ಯ ಅವನಿಗೆ ಬರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಒಳಗಿನಿಂದ ದನಿ ಬಂತು. ಒಣಗಿದ ದನಿ. ಅದರಲ್ಲಿ ಸಿಟ್ಟಿತ್ತು, ಅದು ಸಿಟ್ಟು ಮಾತ್ರವಾಗಿರಲಿಲ್ಲ.

“ಎಷ್ಟೊತ್ತು ಅಂತ ಆಚೆ ಕೂತಿರ್ತೀರಾ? ನೀರು ಬೇಕು. ನಂಗೆ ಏಳಕ್ಕಾಗಲ್ಲ.”

ಅವನು ತಲೆ ತಗ್ಗಿಸಿ ಒಳಗೆ ಹೋದ. ಅವಳ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ ಲೋಟವನ್ನು ತುಟಿಗೆ ಹಿಡಿದ. ಅವಳು ಕುಡಿದಳು. ಆ ವಿಷಯ ಅವಳು ಆಮೇಲೆ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅಶ್ವತ್ಥಮ್ಮ ಇನ್ನೂ ಮೂರು ದಿನ ಇದ್ದಳು. ಆ ಮೂರು ದಿನವೂ ಪಾಪಯ್ಯ, ಹತ್ತಿರ ಮಲಗಬೇಡವೆಂದು ಎಷ್ಟು ಜನ ಹೇಳಿದರೂ ಕೇಳದೆ, ಅವಳ ಚಾಪೆಯ ಮೇಲೆಯೇ ಮಲಗಿದ. ಅವನಿಗೆ ಏನೂ ಆಗಲಿಲ್ಲ.