ಮೊಳೆ ಬಗ್ಗಿಸದ ಚಕ್ರ

ನಮ್ಮ ಕೆಳಮನೆಯ ಬಡಗಿ ಮಾವನ ಎಡಗೈಯಲ್ಲಿ ಮೂರೇ ಬೆರಳು. ಉಳಿದೆರಡು ಗರಗಸಕ್ಕೆ ಹೋಗಿರಬೇಕೆಂದುಕೊಂಡು, ನನ್ನ ಮಗಳು ಅವರ ಹೊಸ್ತಿಲತ್ತ ತೆವಳಿದಾಗಲೆಲ್ಲ ಗರಗಸವನ್ನು ಬೈಯುತ್ತ ಓಡುತ್ತಿದ್ದೆ.

"ಗರಗಸ ಪಾಪದ್ದು ಕಣಮ್ಮ, ಅದನ್ಯಾಕೆ ಬೈತೀಯ?" ಎಂದು ಒಂದು ದಿನ ಅವರೇ ನಕ್ಕರು.

ಇಪ್ಪತ್ತು ವರ್ಷ ಜೂಜಿನ ಅಡ್ಡೆಗೆ ಚಕ್ರ ಮಾಡಿಕೊಟ್ಟವರು. ಅಂಚಿನ ಸುತ್ತ ಅಂಕಿಗೊಂದರಂತೆ ಇಪ್ಪತ್ನಾಲ್ಕು ಮೊಳೆ, ಅವಕ್ಕೆ ತಾಗಿ ಚಕ್ರವನ್ನು ನಿಲ್ಲಿಸಲು ಮೇಲೊಂದು ತೊಗಲಿನ ನಾಲಿಗೆ. ಒಂದು ಮೊಳೆಯನ್ನು ಕೂದಲೆಳೆಯಷ್ಟು ಬಗ್ಗಿಸಿದರೆ ಸಾಕು, ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ. ಒಮ್ಮೆ ಲೆಕ್ಕ ತಪ್ಪಿ ಪಕ್ಕದ ಅಂಕಿಗೆ ನಿಂತಿತು. ಅಡ್ಡೆಯ ಯಜಮಾನ ಬೋಳಣ್ಣ ಅವರ ಕೈಯನ್ನು ಮೇಜಿಗೆ ಒತ್ತಿ ಹಿಡಿಸಿ, ಅವರದೇ ಉಳಿಯಿಂದ ಎರಡು ಬೆರಳು ಹಾರಿಸಿದ.

ಇಂಥವರ ಬಳಿ ಕಲಾವಿದೆಯೊಬ್ಬಳು ಬಂದಳು. ಚೌಕದಲ್ಲಿ ಊರವರೆಲ್ಲ ಆಡುವ ಚಕ್ರ ಬೇಕಂತೆ. ಪಣ ದುಡ್ಡಲ್ಲ, ಒಂದು ಗಂಟೆಯ ಕೆಲಸ. ಕ್ಷೌರಿಕ ಕ್ಷೌರ ಇಡಬೇಕು, ಟೀಚರ್ ಪಾಠ ಇಡಬೇಕು. ಯಾರ ಅಂಕಿಗೆ ಚಕ್ರ ನಿಂತಿತೋ ಅವರಿಗೆ ಆ ಸುತ್ತಿಗಿಟ್ಟ ಪಣ.

ಮಾವ ತಿಂಗಳಿಡೀ ಉಜ್ಜಿದರು. "ಸಾಯೋದ್ರೊಳಗೆ ಒಂದು ನೆಟ್ಟಗಿರೋ ಚಕ್ರ ಮಾಡ್ಬೇಕು ಕಣೇ. ಬಡಗಿ ಮೋಸ ಮಾಡ್ಲಿಲ್ಲ ಅಂತ ನಾಲ್ಕು ಜನ ಅನ್ಬೇಕು. ಇನ್ನೇನೂ ಬೇಡ."

ಆ ಮಧ್ಯಾಹ್ನ ಚೌಕ ಗಿಜಿಗುಡುತ್ತಿತ್ತು. "ಟೀಚರೇ, ನನಗೆ ಪಾಠ ಬಂದ್ರೆ ತಲೆ ಕೆಡುತ್ತೆ, ನಿಮಗೆ ಕ್ಷೌರ ಬಂದ್ರೆ ತಲೇನೇ ಹೋಗುತ್ತೆ!" ಎಂದು ಕ್ಷೌರಿಕ ಕೂಗಿದ್ದಕ್ಕೆ ಎಲ್ಲರೂ ನಕ್ಕರು. ಮಗಳು ಹಸಿದು ಕಿರುಚತೊಡಗಿದ್ದರಿಂದ ನಾನು ಹಾಲೂಡಿಸಲು ವೇದಿಕೆಯ ಹಿಂದಿನ ಪರದೆಯ ಮರೆಗೆ ಹೋದೆ. ಅಲ್ಲಿಗೇ ಬೋಳಣ್ಣ, ಮೂಲೆಯಲ್ಲಿದ್ದ ನನ್ನನ್ನು ಗಮನಿಸದೆ, ಇಬ್ಬರು ಆಳುಗಳೊಂದಿಗೆ ಮಾವನನ್ನು ದರದರ ಎಳೆದು ತಂದ.

"ಹೊರಗೆ ಏಳರ ಮೇಲೆ ದುಡ್ಡಿನ ಬಾಜಿ ಕಟ್ಸಿದೀನಿ. ಮೊದಲ ಸುತ್ತು ಏಳಕ್ಕೆ ನಿಲ್ಬೇಕು. ಮೊಳೆ ಬಗ್ಗಿಸು."

"ಇದು ಆ ಚಕ್ರ ಅಲ್ಲ ಬೋಳಣ್ಣ."

ಆಳುಗಳು ಮಾವನ ಹೊಟ್ಟೆಗೆ ಒದ್ದರು. ಬಿದ್ದವರ ಬಲಗೈ ಮೇಲೆ ಬೋಳಣ್ಣ ಬೂಟುಗಾಲಿಟ್ಟು ತಿರುವಿದ. ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ನಾನು ಮಗುವಿನ ಕಿವಿ ಮುಚ್ಚಿದೆ, ಕೂಗಲಿಲ್ಲ. "ಬಗ್ಗಿಸ್ತೀಯಾ?" "ಇಲ್ಲ." ಇನ್ನೊಂದು ಏಟಿಗೆ ಹಲ್ಲು ಬಿತ್ತು. "ಇಲ್ಲ."

ಅಷ್ಟರಲ್ಲಿ ಕಲಾವಿದೆ ಕರೆದಳು. ಮಾವ ಬಾಯೊರೆಸಿಕೊಂಡು ಹೋಗಿ ಎಡಗೈಯ ಮೂರು ಬೆರಳಲ್ಲಿ ಚಕ್ರ ತಿರುಗಿಸಿದರು.

ಚಕ್ರ ಏಳಕ್ಕೇ ನಿಂತಿತು.

"ಭೇಷ್ ಬಡಗಿ! ಪಳಗಿದ ಕೈ ಹಾಗೇ ಇದೆ!" ಎಂದು ಬೋಳಣ್ಣ ಬಿದ್ದು ಬಿದ್ದು ನಕ್ಕ.

ಮೊದಲ ಏಟು ಕ್ಷೌರಿಕನದು. "ಥೂ, ಇಲ್ಲೂ ಅದೇ ಬುದ್ಧಿಯಾ?" ಆಮೇಲೆ ಕುರ್ಚಿ, ಕಲ್ಲು, ಚಪ್ಪಲಿ. ಚಕ್ರವನ್ನು ಉರುಳಿಸಿ ತುಳಿದರು. ಅದಕ್ಕೆ ಅಡ್ಡ ಬಿದ್ದ ಮಾವನನ್ನೂ ತುಳಿದರು. "ಅಳೆದು ನೋಡ್ರೋ, ಅಳೆದು ನೋಡ್ರೋ" ಎಂದು ಅವರು ಕೂಗುತ್ತಲೇ ಇದ್ದರು.

ಯಾರೂ ಅಳೆಯಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಅವರಿಗೆ ಮಾತು ನಿಂತಿತ್ತು. ನಾನು ಚೌಕಕ್ಕೆ ಹೋಗಿ ಹಲಗೆ ಚೂರುಗಳನ್ನು ಹೊತ್ತು ತಂದು ನೆಲದ ಮೇಲೆ ಜೋಡಿಸಿದೆ. ಮೊಳೆಯಿಂದ ಮೊಳೆಗೆ ದಾರ ಹಿಡಿದೆ. ಇಪ್ಪತ್ನಾಲ್ಕು ಅಂತರವೂ ಒಂದೇ. ಏಳರ ಮೊಳೆ ಕಡ್ಡಿಯಂತೆ ನೆಟ್ಟಗಿತ್ತು.

ಬೋಳಣ್ಣ ನಮ್ಮ ಬೀದಿಯಲ್ಲೇ ಓಡಾಡುತ್ತಾನೆ, ಮನೆಯಲ್ಲಿ ಕೂಸಿದೆ. ಆದರೂ ಬರೆದಿದ್ದೇನೆ: ಬಡಗಿ ಮೋಸ ಮಾಡಲಿಲ್ಲ. ನಾಲ್ಕು ಜನರಲ್ಲಿ ನಾನೊಬ್ಬಳು.