ಮೂರಡಿ ಗೋಡೆಯ ಕಿಟಕಿ

ಊರಿನ ಇಗರ್ಜಿಯನ್ನು, ಅಂದರೆ ನಮ್ಮ ಚರ್ಚನ್ನು, ಕೆಡವಿದವರಲ್ಲಿ ನಾನೂ ಒಬ್ಬ. ಜೆಸಿಬಿ ಹತ್ತಲಿಲ್ಲ, ದುಬೈಯ ಕರಾಮದ ಫ್ಲ್ಯಾಟಿನಲ್ಲಿ ಕುಳಿತು ನಕ್ಷೆ ಬರೆದೆ, ಅಷ್ಟೇ.

ನಮ್ಮೂರಿನ ಕೊಂಕಣಿ ಕ್ರೈಸ್ತರದ್ದು ದುಬೈಯಲ್ಲೊಂದು ಕಮಿಟಿ ಇದೆ. ಊರಿನ ಇಗರ್ಜಿಯ ಗಂಟೆ ಬದಲಿಸುವುದಕ್ಕೂ ಇಲ್ಲಿ ಮೀಟಿಂಗ್ ಆಗಬೇಕು. ಅಧ್ಯಕ್ಷರು ಫ್ರಾನ್ಸ್ ಪ್ರವಾಸ ಮುಗಿಸಿ ಬಂದವರೇ ಮೊಬೈಲ್ ಮುಂದೆ ಹಿಡಿದರು. ಅದರಲ್ಲಿ ಒಂಬೈನೂರು ವರ್ಷ ಹಳೆಯ ರೋಮನೆಸ್ಕ್ ಶೈಲಿಯ ಇಗರ್ಜಿಯ ಫೋಟೋ.

"ಇಂಥದ್ದೇ ಬೇಕು ಮಾರಾಯ್ರೇ. ನಮ್ಮ ಹಳೇದು ಖಲಾಸ್ ಮಾಡುವ. ಡ್ರಾಫ್ಟ್ಸ್‌ಮನ್ ನಮ್ಮಲ್ಲೇ ಇದ್ದಾರಲ್ಲ!"

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ರಜೆಯ ದಿನಗಳಲ್ಲಿ ಕುಳಿತು ಓದಿದೆ. ಆ ಕಾಲದಲ್ಲಿ ಕಾಂಕ್ರೀಟು, ಸರಳು ಯಾವುದೂ ಇರಲಿಲ್ಲ. ಕಲ್ಲಿನ ಕಮಾನು ಛಾವಣಿಯ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೇ ದಪ್ಪ ಗೋಡೆ, ಗೋಡೆ ಸಡಿಲವಾಗದಂತೆ ಸಣ್ಣ ಕಿಟಕಿ, ಅದರ ಮೇಲೆ ರೋಮನ್ನರಿಂದ ಕಲಿತ ದುಂಡು ಕಮಾನು. ಓದುತ್ತಾ ಹೋದಂತೆ ಊರಿನ ಹಳೆಯ ಫೋಟೋ ತೆಗೆದು ನೋಡಿದೆ. ಮೂರಡಿ ದಪ್ಪದ ಕೆಂಪುಕಲ್ಲಿನ ಗೋಡೆ, ದುಂಡು ಕಮಾನು, ಸಣ್ಣ ಕಿಟಕಿ ಎಲ್ಲವೂ ನಮ್ಮ ಹಳೆಯ ಇಗರ್ಜಿಯಲ್ಲೇ ಇತ್ತು. ಮೇಲೆ ಹೆಂಚಿನ ಮಾಡು ನೋಡಿ ಎಲ್ಲರಿಗೂ ಅದು ತಾತ್ಸಾರ.

ಅಮ್ಮನಿಗೆ ಮಾತ್ರ ಅದರ ಬೆಲೆ ಗೊತ್ತಿತ್ತು. ಅವಳ ಮೊಣಕಾಲು ಮಡಚುವುದಿಲ್ಲ, ಬೆಂಚುಗಳೋ ತೀರಾ ತಗ್ಗು. ಎಷ್ಟೋ ವರ್ಷದಿಂದ ಪೂಜೆಯ ಹೊತ್ತಿಗೆ ಅವಳು ಕೂರುತ್ತಿದ್ದುದು ಆ ದಪ್ಪ ಗೋಡೆಯ ಕಿಟಕಿಕಟ್ಟೆಯ ಮೇಲೆ. ಫೋನಿನಲ್ಲಿ ಕೇಳಿಕೊಂಡಳು: "ನನ್ನ ಕಿಟಕಿ ತೆಗಿಬೇಡಿ ಅಂತ ಹೇಳು ಮಗಾ. ನೀನು ಹೇಳಿದ್ರೆ ಕೇಳ್ತಾರೆ."

ನಾನು ಹೇಳಲಿಲ್ಲ. ಶಿಲಾಫಲಕದಲ್ಲಿ ನಿಮ್ಮ ಹೆಸರಿರುತ್ತದೆ ಎಂದು ಕಮಿಟಿಯವರು ಹೇಳಿದ್ದರು. ಥೂ, ನನ್ನ ಆಸೆಗಿಷ್ಟು! ಹೊಸ ನಕ್ಷೆಯಲ್ಲಿ ಗೋಡೆ ಆರೇ ಇಂಚು. ದಪ್ಪ ಕಾಣಲೆಂದು ಒಳಗಡೆ ಜಿಪ್ಸಮ್ ಬೋರ್ಡಿನ ಪೊಳ್ಳು. ಇಪ್ಪತ್ತು ವರ್ಷ ದುಬೈಯ ಹೋಟೆಲುಗಳಿಗೆ ಬರೆದುಕೊಟ್ಟದ್ದೂ ಅದನ್ನೇ.

ಹೊಸ ಇಗರ್ಜಿ ತೆರೆದ ವಾರ ಊರಿನಿಂದ ಕಂಟ್ರಾಕ್ಟರ್ ಫೋನ್ ಮಾಡಿದ. "ಸರ್, ಹಳೇ ಅಭ್ಯಾಸ, ಜನ ಕಿಟಕಿಯಲ್ಲಿ ಕೂರ್ಲಿಕ್ಕೆ ಹೋಗ್ತಾರೆ. ಭಾರ ತಡಿತದಾ?"

"ಇಲ್ಲ. ಕೂರಬಾರದು ಅಂತ ಬೋರ್ಡ್ ಹಾಕಿ" ಎಂದೆ.

ಭಾನುವಾರ ಅಮ್ಮನ ಫೋನ್ ಬಂತು. "ಇಗರ್ಜಿ ಚಂದ ಉಂಟು ಮಗಾ. ನಾನು ನಿಂತೇ ಪೂಜೆ ಕೇಳಿದೆ. ಕಿಟಕಿಯಲ್ಲಿ ಕೂರಬಾರದಂತೆ, ಬೋರ್ಡ್ ಹಾಕಿದ್ದಾರೆ. ಹಾಕಿಸಿದವರ ಅಮ್ಮನ ಮೊಣಕಾಲು ಸರಿ ಉಂಟು ಅಂತ ಕಾಣ್ತದೆ."

ಸರಿಯಾಗಿ ಕೇಳಿಸುತ್ತಿಲ್ಲ ಅಮ್ಮ ಎಂದು ಫೋನ್ ಇಟ್ಟೆ.