ನಿಕ್ಕಲ್ ಹಿಡಿದಿಟ್ಟುಕೊಂಡ ಕಾರ್ಬನ್

ಊಟಕ್ಕೆ ಕೂತಾಗಲೂ ಬೆರಳಲ್ಲಿ ಮೇಜು ಕುಟ್ಟುತ್ತಿದ್ದ ಅವಳನ್ನು ಲ್ಯಾಬಿನವರೆಲ್ಲ ಟಿಕ್‌ಟಿಕ್ ಅಕ್ಕ ಅಂತಲೇ ಕರೆಯುತ್ತಿದ್ದರು. ವಿಕಿರಣಶೀಲ ಕಾರ್ಬನ್ ಇರುವ ಗ್ಯಾಸನ್ನು ಅವಳು ಬಿಸಿ ನಿಕ್ಕಲ್ ಪುಡಿಯ ಮೇಲೆ ಹಾಯಿಸುತ್ತಿದ್ದಳು. ಆಚೆ ಬಂದದ್ದನ್ನು ಕ್ರೊಮ್ಯಾಟೋಗ್ರಾಫ್ ಯಂತ್ರ ಒಂದೊಂದು ಗ್ಯಾಸಾಗಿ ಬೇರೆಬೇರೆ ಮಾಡಿ ಕಳಿಸುತ್ತಿತ್ತು. ಆ ಕಾರ್ಬನ್ ಹಾದುಹೋದಾಗ ಕೊನೆಯಲ್ಲಿದ್ದ, ವಿಕಿರಣ ಎಣಿಸುವ ಕೌಂಟರ್ ಟಿಕ್‌ಟಿಕ್ ಅನ್ನುತ್ತಿತ್ತು. ಆದರೆ ಒಳಗೆ ಹೋದಷ್ಟು ಆಚೆ ಬರುತ್ತಲೇ ಇರಲಿಲ್ಲ.

“ಪೈಪ್ ಸೋರ್ತಿದೆ ಕಣಮ್ಮ. ಎಲ್ಲಾ ಬಿಚ್ಚಿ ಮೊದಲಿಂದ ಶುರು ಮಾಡು,” ಅಂದರು ಅವಳ ಗೈಡ್ ಆಗಿದ್ದ ಮೇಷ್ಟ್ರು. ಅಂದರೆ ವರ್ಷದ ಕೆಲಸವೆಲ್ಲ ನೀರುಪಾಲು!

“ಸೋರ್ತಿಲ್ಲ ಸಾರ್, ನಿಕ್ಕಲ್ಲೇ ಹಿಡ್ಕೊಂಡಿದೆ. ನಾಳೆ ಒಂದ್ಸಲ ನೋಡ್ತೀನಿ.”

“ಅದೇನು ತವರುಮನೆನಾ, ಬಂದವ್ರನ್ನ ಬಿಡದೆ ಕೂರಿಸ್ಕೊಳ್ಳೋಕೆ?”

ಮರುದಿನ ಅವಳು ಅದೇ ನಿಕ್ಕಲ್ ಮೇಲೆ ಬರೀ ಹೈಡ್ರೋಜನ್ ಹಾಯಿಸಿದಳು. ಅದರಲ್ಲಿ ಕಾರ್ಬನ್ ಚೂರೂ ಇಲ್ಲ. ಬೆಳಗಿನ ಬಿಸಿಲು ಗಾಜಿನ ಕೊಳವೆಗಳಲ್ಲಿ ನಿಧಾನವಾಗಿ ಈಜುತ್ತಿತ್ತು. ತಾನೂ ಅದರೊಳಗೆಲ್ಲೋ ತೇಲುತ್ತಿದ್ದೇನೆ ಅನ್ನಿಸಿತು ಅವಳಿಗೆ. ಚಾರ್ಟಿನ ಪೆನ್ನು ಮೆಲ್ಲಗೆ ಎದ್ದು, ಕಾರ್ಬನ್ ಹೈಡ್ರೋಜನ್ ಕೂಡಿದರೆ ಆಗುವ ಮೀಥೇನಿನ ಪುಟ್ಟ ಗುಡ್ಡ ಬರೆಯಿತು. ಆಮೇಲೆ ಕೌಂಟರ್ ಟಿಕ್ ಅಂದಿತು. ಟಿಕ್‌ಟಿಕ್. ಟಿಕ್‌ಟಿಕ್‌ಟಿಕ್!

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. “ಹೊರಟೇಬಿಟ್ರಲ್ಲಮ್ಮ ನಿನ್ನ ನೆಂಟ್ರು!”

“ಹೈಡ್ರೋಜನ್ ಕರ್ಕೊಂಡು ಹೋಗೋಕೆ ಬಂತಲ್ಲ ಸಾರ್.”

ಪೈಪ್ ಬಿಚ್ಚಲು ತಂದಿಟ್ಟಿದ್ದ ಸ್ಪ್ಯಾನರನ್ನು ಅವಳು ಮತ್ತೆ ಮೊಳೆಗೆ ನೇತುಹಾಕಿದಳು.